ಒಳ್ಳೆಯತನವನ್ನು ಕಲಿಸಲು ಬರುತ್ತದೆಯೇ?

ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ಸದ್ಗುಣ ದುಡ್ಡಿಗೆ ಸಿಗುತ್ತಿತ್ತು. ಹಾಗೆಂದು ಹೇಳಿಕೊಂಡು ತಿರುಗುವ ಗುರುಗಳಂತೂ ಇದ್ದರು. ಸೋಫಿಸ್ಟರೆಂಬ ಈ ಗುಂಪಿನಲ್ಲಿ ಅಬ್ದೇರಾದ ಪ್ರೊಟಾಗೊರಸನದು ದೊಡ್ಡ ಹೆಸರು. ತನ್ನಲ್ಲಿ ಕಲಿತವನು ಮನೆಯನ್ನೂ ಊರನ್ನೂ ಚೆನ್ನಾಗಿ ನಡೆಸಬಲ್ಲನೆಂಬುದು ಅವನ ಭರವಸೆ. ಶುಲ್ಕ ದುಬಾರಿಯೆನಿಸಿದ ಶಿಷ್ಯ ದೇವಾಲಯಕ್ಕೆ ಹೋಗಿ, ಕಲಿತದ್ದರ ಬೆಲೆ ಇಷ್ಟೇ ಎಂದು ಆಣೆ ಮಾಡಿ ಅಷ್ಟನ್ನು ಕೊಟ್ಟರೆ ಸಾಕಿತ್ತು.

ಇದು ಹಳೆಯ ಮನೆತನಗಳಿಗೆ ಹಿಡಿಸುವ ಮಾತಲ್ಲ. ಹೋಮರನ ಕಾವ್ಯಗಳಲ್ಲಿ ಶ್ರೇಷ್ಠತೆ ಕುಲೀನ ವೀರರ ಸೊತ್ತು. ಪಾಠ ಹೇಳಿ ಕೆಟ್ಟವನನ್ನು ಒಳ್ಳೆಯವನನ್ನಾಗಿ ಮಾಡಲಾಗದು ಎಂದು ಕವಿ ಥಿಯೊಗ್ನಿಸ್ ಹಾಡಿದ್ದ. ಕಲಿತರೆ ಬರುತ್ತದೆ ಎಂದಾದರೆ ವಂಶದ ಹೆಗ್ಗಳಿಕೆಗೆ ಉಳಿಯುವುದೇನು?

ಸಾಕ್ರೆಟಿಸ್ ಎರಡೂ ಕಡೆಯವರನ್ನು ಕೆಣಕಿದ. ಪ್ಲೇಟೊ ಬರೆದ ‘ಮೆನೊ’ ಸಂವಾದದಲ್ಲಿ ಅನಿಟಸ್ ಎಂಬ ರಾಜಕಾರಣಿ, ಸೋಫಿಸ್ಟರ ಸಹವಾಸವೇ ಬೇಡ, ಅಥೆನ್ಸಿನ ಯಾವ ಸಭ್ಯ ಗೃಹಸ್ಥನಾದರೂ ಒಳ್ಳೆಯತನ ಕಲಿಸಬಲ್ಲ ಎನ್ನುತ್ತಾನೆ. ಸಾಕ್ರೆಟಿಸ್ ಅಥೆನ್ಸಿನ ಹೆಸರಾಂತ ನಾಯಕ ಥೆಮಿಸ್ಟೊಕ್ಲಿಸನ ಮಗನ ಮಾತೆತ್ತುತ್ತಾನೆ. ಕುದುರೆಯ ಬೆನ್ನ ಮೇಲೆ ನೆಟ್ಟಗೆ ನಿಂತು ಈಟಿ ಎಸೆಯುವುದನ್ನು ಅಪ್ಪ ಅವನಿಗೆ ಕಲಿಸಿದ್ದ. ಅಪ್ಪನ ವಿವೇಕ ಮಾತ್ರ ಮಗನಿಗೆ ಬರಲಿಲ್ಲ. ಇನ್ನೊಬ್ಬ ನಾಯಕ ಪೆರಿಕ್ಲಿಸನ ಮಕ್ಕಳದೂ ಅದೇ ಕತೆ. ಕಲಿಸಲು ಬರುವಂತಿದ್ದರೆ ಇಂಥ ತಂದೆಯರು ಕಲಿಸದೆ ಬಿಡುತ್ತಿದ್ದರೇ? ಅನಿಟಸನಿಗೆ ಸಿಟ್ಟು ಬರುತ್ತದೆ: ದೊಡ್ಡವರನ್ನು ಹಗುರವಾಗಿ ಆಡಿಕೊಳ್ಳುತ್ತೀಯ, ಹುಷಾರು. ಕ್ರಿ.ಪೂ. 399ರಲ್ಲಿ ಸಾಕ್ರೆಟಿಸನ ಮೇಲೆ ಮೊಕದ್ದಮೆ ಹೂಡಿದ ಮೂವರಲ್ಲಿ ಈ ಅನಿಟಸನೂ ಒಬ್ಬ. (ಸಂವಾದ ಹುಟ್ಟಿದ್ದು ಪ್ಲೇಟೊನ ಗುರುವಾದ ಸಾಕ್ರೆಟಿಸನ ಮರಣದ ನಂತರ, ಆ ಎಚ್ಚರಿಕೆಯಲ್ಲಿ ಪ್ಲೇಟೊನ ಕೈವಾಡವೂ ಇದ್ದೀತು.)

ಸಾಕ್ರೆಟಿಸನಿಗೆ ತನ್ನದೇ ತೊಡಕೊಂದಿತ್ತು. ಅವನ ಪ್ರಕಾರ ಸದ್ಗುಣವೆಂದರೆ ಅರಿವು. ತಿಳಿದೂ ತಿಳಿದೂ ಯಾರೂ ಕೆಡುಕು ಮಾಡುವುದಿಲ್ಲ. ಹಾಗಿದ್ದರೆ ಅದನ್ನು ಕಲಿಸಲು ಬರಬೇಕು. ಕಲಿಸುವವರು ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ.

ಅರಿಸ್ಟಾಟಲ್ ಪಾಠದ ಜಾಗಕ್ಕೆ ರೂಢಿಯನ್ನು ತಂದ. ಮನೆ ಕಟ್ಟಿ ಕಟ್ಟಿ ಮೇಸ್ತ್ರಿಯಾಗುವಂತೆ ನ್ಯಾಯದ ಕೆಲಸ ಮಾಡಿ ಮಾಡಿ ನ್ಯಾಯವಂತನಾಗಬೇಕು. ಧೈರ್ಯ ಹೇಡಿತನಕ್ಕೂ ದುಡುಕಿಗೂ ನಡುವೆ ಇರುತ್ತದೆ ಎಂಬ ಅವನ ಮಾತನ್ನು ಬರಿಯ ಸರಾಸರಿಯ ಲೆಕ್ಕವೆಂದು ಓದುವವರಿದ್ದಾರೆ. ಅವನೇ ಅದನ್ನು ತಡೆದಿದ್ದ: ಹತ್ತು ಮಿನಾ ತೂಕದ ಊಟ ಹೆಚ್ಚು, ಎರಡು ಕಡಿಮೆ ಎಂದಮಾತ್ರಕ್ಕೆ ತರಬೇತುದಾರ ಎಲ್ಲರಿಗೂ ಆರು ಬಡಿಸುವುದಿಲ್ಲ, ಕುಸ್ತಿಪಟು ಮಿಲೊಗೆ ಅದು ಸಾಲದು, ಹೊಸಬನಿಗೆ ಅತಿಯಾಯಿತು.

ಇಷ್ಟು ಸೂಕ್ಷ್ಮವಾಗಿ ಯೋಚಿಸಿದವನೇ, ಗುಲಾಮನಿಗೆ ವಿವೇಚನೆಯೇ ಇಲ್ಲ, ಹೆಣ್ಣಿನಲ್ಲಿ ಅದಿದ್ದರೂ ಅದಕ್ಕೆ ಅಧಿಕಾರವಿಲ್ಲ ಎಂದೂ ಬರೆದ. ಗಂಡು ಹೆಣ್ಣಿನ ಸದ್ಗುಣ ಒಂದೇ ಎಂದಿದ್ದ ಸಾಕ್ರೆಟಿಸನನ್ನು ಹೆಸರು ಹಿಡಿದೇ ಅಲ್ಲಗಳೆದ.

ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸಿನ ಚಿತ್ರಮಂಟಪದಲ್ಲಿ ಜೀನೊ ಆರಂಭಿಸಿದ ಸ್ಟೋಯಿಕ್ ಪಂಥ ಮತ್ತೆ ಸಾಕ್ರೆಟಿಸನ ಕಡೆಗೇ ಹೊರಳಿ, ಸದ್ಗುಣವೆಂದರೆ ಅರಿವು ಎಂದಿತು. ರಾತ್ರಿ ತೋಟಗಳಿಗೆ ನೀರು ಸೇದಿ ಹೊಟ್ಟೆ ಹೊರೆಯುತ್ತಿದ್ದ ಕ್ಲಿಯಾಂಥಿಸ್ ಜೀನೊನ ನಂತರ ಅದರ ಮುಖ್ಯಸ್ಥನಾದ. ರೋಮನ್ನರ ಕಾಲದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಎಪಿಕ್ಟಿಟಸ್ ಗ್ರೀಸಿನ ನಿಕೊಪೊಲಿಸ್‌ನಲ್ಲಿ ಇದೇ ಪಂಥದ ಶಾಲೆ ನಡೆಸಿದ. ಅವನೆದುರು ಕುಳಿತು ಪಾಠ ಬರೆದುಕೊಂಡ ಅರಿಯನ್ ಮುಂದೆ ರೋಮನ್ ಪ್ರಾಂತ್ಯ ಕಪಡೋಷಿಯಾದ ರಾಜ್ಯಪಾಲನಾದ.