ಎಫ್‌ಎಂ ರೇಡಿಯೊ ಸರೌಂಡ್‌ನಲ್ಲಿ ಬರುತ್ತಾ?

ಪ್ರಶ್ನೆ: ಹೋಮ್ ಥಿಯೇಟರ್‌ನಲ್ಲಿ ಎಫ್‌ಎಂ ಹಾಕಿದರೆ ಹಿಂದಿನ ಸ್ಪೀಕರ್‌ಗಳಲ್ಲೂ ಹಾಡು ಕೇಳಿಸುತ್ತದೆ. ಅಂದರೆ ರೇಡಿಯೊದವರು ಸರೌಂಡ್‌ನಲ್ಲೇ (ಸುತ್ತಲಿನ ಸ್ಪೀಕರ್‌ಗಳಿಗೂ ಬೇರೆ ಬೇರೆ ಸದ್ದು ಕೊಟ್ಟು) ಪ್ರಸಾರ ಮಾಡುತ್ತಾರೆ ಅಲ್ವಾ?

ಉತ್ತರ: ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತಲೇ ಇರುತ್ತದೆ. ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆವರೆಗೂ ಓದಿ.

ಎಫ್‌ಎಂ ಸ್ಟೀರಿಯೊದಲ್ಲಿ ಬರುವುದು ಎರಡೇ ಚಾನೆಲ್, ಎಡಕ್ಕೊಂದು ಬಲಕ್ಕೊಂದು. 1961ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಪದ್ಧತಿಯೇ ಇವತ್ತಿಗೂ ನಡೆಯುತ್ತಿದೆ. ಎಡ, ಬಲ ಎರಡನ್ನೂ ಕೂಡಿಸಿದ ಸದ್ದು ಸಿಗ್ನಲ್‌ನ ಮೊದಲ ಭಾಗದಲ್ಲಿ ಹೋಗುತ್ತದೆ. ಒಂದೇ ಚಾನೆಲ್ ನುಡಿಸುವ ಮೊನೊ ಸೆಟ್‌ಗೆ ಅಷ್ಟೇ ಸಾಕು. ಎಡದಿಂದ ಬಲವನ್ನು ಕಳೆದರೆ ಉಳಿಯುವ ವ್ಯತ್ಯಾಸ ಅದಕ್ಕಿಂತ ಮೇಲಿನ ಆವರ್ತನದಲ್ಲಿ, 23ರಿಂದ 53 ಕಿಲೊಹರ್ಟ್ಸ್ ನಡುವೆ ಕೂತು ಬರುತ್ತದೆ. ಜೊತೆಗೆ 19 ಕಿಲೊಹರ್ಟ್ಸ್‌ನ ಪೈಲಟ್ ಟೋನ್ ಅನ್ನುವ ಗುರುತಿನ ಸ್ವರ ಒಂದು. ಅದು ಸಿಕ್ಕಾಗಲೇ ಸೆಟ್‌ನ ಸ್ಟೀರಿಯೊ ದೀಪ ಹೊತ್ತಿಕೊಳ್ಳುವುದು. ಹಿಂದಿನ ಸ್ಪೀಕರ್‌ಗೆ ಅಂತ ಇಲ್ಲಿ ಬೇರೆ ಜಾಗವೇ ಇಲ್ಲ.

ಹಾಗಾದರೆ ಹಿಂದೆ ಕೇಳಿಸುವುದು ಏನು? ನಿಮ್ಮ ರಿಸೀವರ್ ತಾನೇ ತಯಾರಿಸಿದ ಸದ್ದು. ರಿಸೀವರ್ ಒಳಗಿನ ಡಿಕೋಡರ್, ಅಂದರೆ ಎರಡು ಚಾನೆಲ್‌ನಿಂದ ಹೆಚ್ಚು ಚಾನೆಲ್ ಬಿಡಿಸಿಕೊಳ್ಳುವ ಪ್ರೊ ಲಾಜಿಕ್‌ನಂಥ ವ್ಯವಸ್ಥೆ, ಎರಡೂ ಚಾನೆಲ್‌ಗಳಲ್ಲಿ ಒಂದೇ ಥರ ಇರುವುದನ್ನು ನಡುವಿನ ಸ್ಪೀಕರ್‌ಗೆ ಕೊಡುತ್ತದೆ, ವ್ಯತ್ಯಾಸವನ್ನು ಹಿಂದಕ್ಕೆ ತಳ್ಳುತ್ತದೆ. ಡಿಸ್‌ಪ್ಲೇಯಲ್ಲಿ ಕಾಣುವ ಆ ಹೆಸರು ರಿಸೀವರ್ ಏನು ಮಾಡುತ್ತಿದೆ ಅಂತ ಹೇಳುತ್ತದೆಯೇ ಹೊರತು ಆಂಟೆನಾಗೆ ಏನು ಬಂತು ಅಂತ ಅಲ್ಲ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಸಿಗ್ನಲ್ ಚೆನ್ನಾಗಿರುವ ಕೇಂದ್ರದಲ್ಲಿ ವಾರ್ತೆ ಹಾಕಿ, ಹಿಂದಿನ ಸ್ಪೀಕರ್‌ಗೆ ಕಿವಿ ಹಚ್ಚಿ. ಓದುವವರ ದನಿ ಎಡಕ್ಕೂ ಬಲಕ್ಕೂ ಸಮ, ವ್ಯತ್ಯಾಸ ಸೊನ್ನೆ. ಹಿಂದೆ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ಈಗ ಆಂಟೆನಾ ತಿರುಗಿಸಿ ಸಿಗ್ನಲ್ ಕೆಡಿಸಿ. ಸುಯ್ ಅನ್ನುವ ಸದ್ದು ಮೊದಲು ಏಳುವುದು ಹಿಂದಿನಿಂದಲೇ! 'ಸ', 'ಶ' ಅಕ್ಷರಗಳೂ ಹಿಂದಕ್ಕೆ ಚಿಮ್ಮುತ್ತವೆ. ಎಫ್‌ಎಂನಲ್ಲಿ ಆವರ್ತನ ಏರಿದಂತೆ ಗದ್ದಲವೂ ಏರುತ್ತದೆ, ವ್ಯತ್ಯಾಸದ ಸಿಗ್ನಲ್ ಕೂತಿರುವುದು ಮೇಲುಗಡೆ. ಅದಕ್ಕೇ ಸ್ಟೀರಿಯೊದಲ್ಲಿ ಗದ್ದಲ ಮೊನೊಗಿಂತ 20 ಡೆಸಿಬೆಲ್‌ಗೂ ಜಾಸ್ತಿ. ಆ ಗದ್ದಲವನ್ನೇ ಡಿಕೋಡರ್ ನಿಮ್ಮ ಬೆನ್ನ ಹಿಂದೆ ಸುರಿಯುತ್ತಿದೆ. ನಿಜವಾದ ಸರೌಂಡ್ ಪ್ರಸಾರವಾಗಿದ್ದರೆ ಹೀಗೆ ಆಗುತ್ತಿತ್ತಾ?

ಹಾಗಂತ ರೇಡಿಯೊದಲ್ಲಿ ಸರೌಂಡ್ ಬಂದೇ ಇಲ್ಲ ಅಂತಲ್ಲ. 1969ರಲ್ಲಿ ಬಾಸ್ಟನ್‌ನ ಡಬ್ಲ್ಯುಜಿಬಿಎಚ್ ಮತ್ತು ಡಬ್ಲ್ಯುಸಿಆರ್‌ಬಿ ಕೇಂದ್ರಗಳು ಸೇರಿ ಬಾಸ್ಟನ್ ಸಿಂಫನಿ ವಾದ್ಯವೃಂದದ ಸಂಗೀತ ಕಚೇರಿಗಳನ್ನು ನಾಲ್ಕು ಚಾನೆಲ್‌ನಲ್ಲಿ ಬಿತ್ತರಿಸಿದವು. ಎರಡು ಚಾನೆಲ್ ಒಂದರಲ್ಲಿ, ಇನ್ನೆರಡು ಇನ್ನೊಂದರಲ್ಲಿ. ಕೇಳುವವರು ಎರಡು ಸ್ಟೀರಿಯೊ ಸೆಟ್ ಒಟ್ಟಿಗೆ ಇಟ್ಟುಕೊಳ್ಳಬೇಕಿತ್ತು. ಒಂದೇ ಕೇಂದ್ರದಿಂದ ನಾಲ್ಕನ್ನೂ ಕಳಿಸುವ ಲೂಯಿಸ್ ಡೋರೆನ್ ಅವರ ಪದ್ಧತಿಯನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪರೀಕ್ಷಿಸಿದರು. ಬಿಬಿಸಿ 1977ರಲ್ಲಿ ಮ್ಯಾಟ್ರಿಕ್ಸ್ ಎಚ್ ಅನ್ನುವ ಪದ್ಧತಿ ತಂದು, ನಾಲ್ಕನ್ನೂ ಎರಡು ಚಾನೆಲ್‌ನಲ್ಲೇ ಮಡಚಿ ಕಳಿಸಿತು. ಮಡಚುವುದರಲ್ಲಿ ಒಂದು ದೊಡ್ಡ ತೊಡಕಿದೆ. ಹಿಂದಿನ ಸದ್ದನ್ನು ಬರೀ ವ್ಯತ್ಯಾಸದಲ್ಲೇ ಇಟ್ಟರೆ, ಮೊನೊ ಸೆಟ್‌ನಲ್ಲಿ ಎಡಬಲ ಕೂಡಿದಾಗ ಅದು ಪೂರ್ತಿ ಅಳಿಸಿಹೋಗುತ್ತದೆ. ಅಡುಗೆಮನೆಯ ಚಿಕ್ಕ ರೇಡಿಯೊದಲ್ಲಿ ಕೇಳುವವರಿಗೆ ವಾದ್ಯವೇ ಮಾಯವಾಗಬಾರದಲ್ಲ! ಪ್ರಸಾರದವರು ತಲೆ ಕೆಡಿಸಿಕೊಂಡದ್ದು ಇದಕ್ಕೇ, ಅದು ಸರಿಯಾದ ಕಾಳಜಿ ಅಂತಲೇ ನನ್ನ ಅಭಿಪ್ರಾಯ.

ಬಿಡಿಬಿಡಿಯಾದ 5.1 ಸದ್ದು (ಐದು ಮುಖ್ಯ ಚಾನೆಲ್, ಜೊತೆಗೆ ಗಡಸು ಸದ್ದಿಗೆ ಒಂದು) ಬೇಕಿದ್ದರೆ ಡಿಜಿಟಲ್ ದಾರಿಯೇ ಗತಿ. ಆಸ್ಟ್ರಿಯಾದ ಓ1 ಕೇಂದ್ರ ಉಪಗ್ರಹದ ಮೂಲಕ ಡಾಲ್ಬಿ ಡಿಜಿಟಲ್ ಅನ್ನುವ ಡಿಜಿಟಲ್ ಸರೌಂಡ್ ಪದ್ಧತಿಯಲ್ಲಿ ಸಂಗೀತ ಕಚೇರಿಗಳನ್ನು ಕೊಟ್ಟಿದೆ. ಅಲ್ಲಿ ಹಿಂದಿನ ಸ್ಪೀಕರ್‌ಗೆ ಬರುವುದು ಸಭಾಂಗಣದ ನಿಜವಾದ ಮಾರ್ದನಿ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಕಾರು ದೂರ ಹೋದಂತೆ ಎಫ್‌ಎಂ ಹಾಡು ಯಾಕೋ ನಡುವಿಗೆ ಕುಗ್ಗಿ ಮಂಕಾಗುತ್ತದೆ, ಗಮನಿಸಿದ್ದೀರಾ? ಸ್ಪೀಕರ್ ಕೆಟ್ಟಿಲ್ಲ. ಸಿಗ್ನಲ್ ಸೊರಗಿದಾಗ ರಿಸೀವರ್ ಬೇಕಂತಲೇ ಆ ವ್ಯತ್ಯಾಸದ ಸಿಗ್ನಲ್ಲನ್ನು ಸ್ವಲ್ಪಸ್ವಲ್ಪವೇ ತಗ್ಗಿಸುತ್ತದೆ, ಗದ್ದಲ ಜಾಸ್ತಿ ಇರುವುದು ಅದರಲ್ಲೇ ಅಲ್ವಾ? ಇದಕ್ಕೆ ಬ್ಲೆಂಡ್ ಅನ್ನುತ್ತಾರೆ. ಮನೆಯ ಸೆಟ್‌ನಲ್ಲಿ ಮೊನೊ ಗುಂಡಿ ಇದ್ದರೆ, ಗೊರಗೊರ ಅನ್ನುವ ಕೇಂದ್ರಕ್ಕೆ ಸುಮ್ನೆ ಅದನ್ನು ಒತ್ತಿ ನೋಡಿ.