ಸಂವೇದಕ ಹತ್ತು, ಉಪಕರಣ ಒಂದು

ಗೌರಿಬಿದನೂರಿನಿಂದ ಮಾಲೂರಿನವರೆಗೆ ಯಾವ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದರೂ ಥರ್ಮಾಕೋಲ್ ಲ್ಯಾಂಡರ್ ಪಕ್ಕದಲ್ಲಿ ಒಂದು ಚಾರ್ಟ್ ನೇತಾಡುತ್ತಿರುತ್ತದೆ: ‘ಚಂದ್ರಯಾನ-3ರ ಏಳು ಸಂವೇದಕಗಳು’. ಏಳು ಎಂಬ ಲೆಕ್ಕ ಸರಿ, ಸಂವೇದಕ (ಸೆನ್ಸರ್) ಎಂಬ ಮಾತು ತಪ್ಪು. ಆ ಏಳರಲ್ಲಿ ನಾಸಾ ಕೊಟ್ಟ ಲೇಸರ್ ಪ್ರತಿಫಲಕವೂ ಸೇರಿದೆ. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಗುಮ್ಮಟ, ಅದರ ಮೇಲೆ ಎಂಟು ಮೂಲೆಗನ್ನಡಿ. ವೈರಿಲ್ಲ, ಬ್ಯಾಟರಿಯಿಲ್ಲ. ಬಂದ ಬೆಳಕನ್ನು ಬಂದ ದಿಕ್ಕಿಗೇ ವಾಪಸು ಕಳಿಸುವುದಷ್ಟೇ ಅದರ ಕೆಲಸ. ವಿಕ್ರಮ್ ನಿದ್ದೆಗೆ ಜಾರಿ ಮೂರು ತಿಂಗಳಾದ ಮೇಲೆ, 2023ರ ಡಿಸೆಂಬರ್ 12ರಂದು, ಚಂದ್ರನನ್ನು ಸುತ್ತುವ ನಾಸಾದ ಎಲ್‌ಆರ್‌ಒ ನೌಕೆ ಬಿಟ್ಟ ಲೇಸರನ್ನು ಅದು ಹಿಂದಿರುಗಿಸಿತು. ಇದೂ ಸಂವೇದಕವಾದರೆ ಕಟಿಂಗ್ ಶಾಪಿನ ಕನ್ನಡಿಯೂ ಸಂವೇದಕವೇ.

ಎಡವಟ್ಟಿನ ಬೇರು ಪದದ ಹೊಟ್ಟೆಯಲ್ಲೇ ಇದೆ. ಸಂಸ್ಕೃತದ ‘ವಿದ್’ ಧಾತುವಿಗೆ ಅರಿ, ತಿಳಿ ಎಂದರ್ಥ. ವೇದ, ವಿದ್ಯೆ, ವಿದ್ವಾಂಸ ಎಲ್ಲ ಅದರ ಮಕ್ಕಳು. ಅರ್ಜಿಯ ಕೆಳಗೆ ಬರೆಯುವ ‘ನಿವೇದನೆ’ಯೂ ಅದೇ ಮನೆಯದು. ವೇದನೆಗೂ ಮೂಲದಲ್ಲಿ ಅರಿವಿಗೆ ಬರುವುದು ಎಂಬ ಅರ್ಥವಿತ್ತು. ಕನ್ನಡದಲ್ಲಿ ಅದು ನೋವಿಗೇ ಮೀಸಲಾಗಿಬಿಟ್ಟಿತು. ಹಲ್ಲು ನೋಯುವವರೆಗೆ ಹಲ್ಲಿರುವುದೇ ನೆನಪಾಗದವರಿಗೆ ಇದು ವಿಚಿತ್ರ ಎನಿಸಲಾರದು. ‘ಸಂ’ ಸೇರಿ ಸಂವೇದನೆಯಾಯಿತು. ಸಾಹಿತ್ಯ ವಿಮರ್ಶೆಯಲ್ಲಿ ಕವಿಯ ಸಂವೇದನೆ, ಗ್ರಾಮೀಣ ಸಂವೇದನೆ ಎಂದು ಬಳಸಿ ಬಳಸಿ ಆ ಪದಕ್ಕೆ ಒಳನೋಟ, ಸೂಕ್ಷ್ಮತೆ, ಮರುಕ ಎಲ್ಲವೂ ಮೆತ್ತಿಕೊಂಡಿವೆ. ಅದಕ್ಕೆ ಲೇಖಕ, ವಾಹಕಗಳಲ್ಲಿರುವ ‘ಅಕ’ ಪ್ರತ್ಯಯ ಹಚ್ಚಿ ಸೆನ್ಸರ್‌ಗೆ ಹೆಸರಿಟ್ಟಾಗ, ಮೆತ್ತಿಕೊಂಡದ್ದೆಲ್ಲ ಜೊತೆಗೇ ಬಂತು. ಕೇಳಿದವರ ತಲೆಯಲ್ಲಿ ಮೂಡುವುದು ಏನನ್ನೋ ಗ್ರಹಿಸಿ, ಅರ್ಥಮಾಡಿಕೊಂಡು, ವರದಿ ಒಪ್ಪಿಸುವ ಒಂದು ಜಾಣ ಪೆಟ್ಟಿಗೆ.

ಸೆನ್ಸರ್‌ಗೆ ಹತ್ತಿರದ ನಂಟಸ್ತಿಕೆ ಇರುವುದು ಬೇಲಿಬದಿಯ ಮುಟ್ಟಿದರೆ ಮುನಿಯ ಜೊತೆ. ಅದು ಎಲೆ ಮಡಿಸುತ್ತದೆ. ತಾಗಿದ್ದು ಮಗುವಿನ ಬೆರಳೋ ಎಮ್ಮೆಯ ಬಾಲವೋ ಅದಕ್ಕೆ ಗೊತ್ತಿಲ್ಲ. ಹೊರಗಿನ ಒಂದು ಬದಲಾವಣೆಗೆ ತನ್ನಲ್ಲೊಂದು ಬದಲಾವಣೆ ತೋರಿಸುವ ಭಾಗ, ಅಷ್ಟೇ ಸಂವೇದಕ. ಟೊಮ್ಯಾಟೊ ತೋಟಕ್ಕೆ ಎರಡು ಕಡ್ಡಿಯ ಅಗ್ಗದ ತೇವಾಂಶ ಸೆನ್ಸರ್ ಹಾಕಿದವರು ಗಮನಿಸಿರುತ್ತಾರೆ: ಡ್ರಿಪ್‌ನಲ್ಲಿ ಗೊಬ್ಬರ ಬಿಟ್ಟ ದಿನ ಅದು ಮಣ್ಣು ಇದ್ದದ್ದಕ್ಕಿಂತ ಒದ್ದೆ ಎನ್ನುತ್ತದೆ. ಅದು ನೋಡುವುದು ಕಡ್ಡಿಗಳ ನಡುವೆ ಕರೆಂಟ್ ಎಷ್ಟು ಸಲೀಸಾಗಿ ಹರಿಯಿತು ಎಂಬುದನ್ನು. ಗೊಬ್ಬರದ ಉಪ್ಪು ಕರಗಿದ್ದಕ್ಕೆ ಹರಿವು ಹೆಚ್ಚಿತು. ‘ತೇವ’ ಎಂಬ ಮಾತು ನಾವು ಹಚ್ಚಿದ್ದು.

ಉಷ್ಣತೆಯ ಪ್ಲಾಟಿನಂ ಸಂವೇದಕವನ್ನೇ ನೋಡಿ. ಪಿಟಿ-100 ಎಂಬ ಸಾಮಾನ್ಯ ಬಗೆಗೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಓಮ್ ವಿದ್ಯುತ್ ರೋಧ. ಒಂದು ಡಿಗ್ರಿ ಏರಿದರೆ ಸುಮಾರು 0.385 ಓಮ್ ಹೆಚ್ಚುತ್ತದೆ. ಎರಡೇ ವೈರಿನಲ್ಲಿ ಜೋಡಿಸಿ, ಆ ವೈರುಗಳ ರೋಧ ಒಟ್ಟು 1 ಓಮ್ ಇದ್ದರೆ, ಓದು ಎರಡೂವರೆ ಡಿಗ್ರಿಗೂ ಹೆಚ್ಚು ತಪ್ಪುತ್ತದೆ. ಅದಕ್ಕೇ ನಾಲ್ಕು ವೈರು: ಎರಡರಲ್ಲಿ ಕರೆಂಟ್, ಉಳಿದೆರಡರಲ್ಲಿ ವೋಲ್ಟೇಜ್ ಅಳತೆ ಮಾತ್ರ. ಆ ಕರೆಂಟಿನದೂ ಒಂದು ತಕರಾರು. 1 ಮಿಲಿಆಂಪಿಯರ್ ಹರಿಸಿದರೆ ಸಂವೇದಕದಲ್ಲೇ 0.1 ಮಿಲಿವಾಟ್ ಶಾಖ ಹುಟ್ಟುತ್ತದೆ. ಭೂಮಿಯ ಮೇಲೆ ಗಾಳಿ ಅದನ್ನು ಒಯ್ಯುತ್ತದೆ, ನಿರ್ವಾತದಲ್ಲಿ ಒಯ್ಯುವವರಿಲ್ಲ. ಹಾಗಾಗಿ ಕರೆಂಟನ್ನು ಕಡಿಮೆ ಮಾಡಬೇಕು, ಇಲ್ಲವೇ ಓದುವ ಕ್ಷಣಕ್ಕಷ್ಟೇ ಕೊಡಬೇಕು. ವೈರು, ಕರೆಂಟು, ಓದುವ ಎಲೆಕ್ಟ್ರಾನಿಕ್ಸ್, ಹಾರುವ ಮುಂಚೆ ಗೊತ್ತಿರುವ ಉಷ್ಣತೆಗಳಲ್ಲಿ ಇಟ್ಟು ಮಾಡಿಕೊಂಡ ತಾಳೆಪಟ್ಟಿ, ಇವೆಲ್ಲ ಸೇರಿದ ಮೇಲೆ ಅದು ಉಪಕರಣ.

ವಿಕ್ರಮ್‌ನ ಚೇಸ್ಟ್ ಇದಕ್ಕೆ ಚೊಕ್ಕ ಉದಾಹರಣೆ. ಚಂದ್ರನ ಮಣ್ಣಿಗೆ 10 ಸೆಂಟಿಮೀಟರ್ ಇಳಿಯಬಲ್ಲ ಕಡ್ಡಿ, ಅದರ ಉದ್ದಕ್ಕೂ ಹತ್ತು ಉಷ್ಣತಾ ಸಂವೇದಕ, ಇಳಿಸಲು ಮೋಟಾರಿನ ವ್ಯವಸ್ಥೆ. ಯಾವ ಸಂವೇದಕವೂ ಹೇಳುವುದು ತನ್ನ ಉಷ್ಣತೆಯನ್ನೇ. ಅದು ಮಣ್ಣಿನ ಉಷ್ಣತೆಯೂ ಆಗುವಂತೆ ನೋಡಿಕೊಳ್ಳುವುದು ಉಪಕರಣದ ಹೊಣೆ. ಗಾಳಿಯಿಲ್ಲದ ಆ ಹುಡಿಮಣ್ಣು ಶಾಖ ದಾಟಿಸುವುದರಲ್ಲಿ ಮಹಾ ಜಿಪುಣ. ಕಡ್ಡಿಯೇ ಶಾಖವನ್ನು ಚೆನ್ನಾಗಿ ಸಾಗಿಸುವಂತಿದ್ದರೆ ಮೇಲಿನ ಬಿಸಿ ಅದರ ಮೈಯಲ್ಲೇ ಕೆಳಗಿಳಿದು ಹತ್ತೂ ಓದುಗಳನ್ನು ಕೆಡಿಸುತ್ತದೆ. 2023ರ ಆಗಸ್ಟ್ 27ರಂದು ಇಸ್ರೊ ಬಿಡುಗಡೆ ಮಾಡಿದ ನಕ್ಷೆಯಲ್ಲಿ ಮೇಲ್ಮೈ 50 ಡಿಗ್ರಿಯ ಮೇಲಿದ್ದು, 8 ಸೆಂಟಿಮೀಟರ್ ಕೆಳಗೆ ಮೈನಸ್ 10ರ ಆಸುಪಾಸಿಗೆ ಇಳಿದಿತ್ತು. ಇದಕ್ಕೆ ವ್ಯತಿರಿಕ್ತ ಮಂಗಳಕ್ಕಿಳಿದ ನಾಸಾದ ಇನ್‌ಸೈಟ್ ಲ್ಯಾಂಡರ್‌ನ ಉಷ್ಣ ಉಪಕರಣ. ತನ್ನನ್ನೇ ಬಡಿದುಕೊಂಡು 5 ಮೀಟರ್‌ವರೆಗೆ ಇಳಿಯಬೇಕಿದ್ದ ಮೊಳೆಗೆ ಮಣ್ಣು ಹಿಡಿತವನ್ನೇ ಕೊಡಲಿಲ್ಲ. 2021ರ ಜನವರಿಯಲ್ಲಿ ಕೈಬಿಟ್ಟರು. ಸಂವೇದಕಗಳು ನೆಟ್ಟಗಿದ್ದವು, ಸೋತದ್ದು ಉಪಕರಣ. ಎರಡು ಪದಗಳನ್ನು ಕಲಸಿದವರಿಗೆ ಈ ವಾಕ್ಯ ಬರೆಯಲೂ ಆಗುವುದಿಲ್ಲ.

ನೆಲದ ಕಂಪನ ಅಳೆಯುವ ವಿಕ್ರಮ್‌ನ ಇಲ್ಸಾ ಬಗ್ಗೆಯೂ ಇದೇ ಗೋಳು: ‘ಚಂದ್ರಕಂಪನ ಪತ್ತೆಹಚ್ಚಿದ ಸಂವೇದಕ’. ಬೆಂಗಳೂರಿನ ಪೀಣ್ಯದ ಇಸ್ರೊ ಪ್ರಯೋಗಾಲಯ ಲಿಯೋಸ್‌ನಲ್ಲಿ ಸಿದ್ಧವಾದ ಆ ಉಪಕರಣದಲ್ಲಿ ಸಿಲಿಕಾನ್‌ನಲ್ಲೇ ಕೆತ್ತಿದ ಆರು ವೇಗೋತ್ಕರ್ಷ ಸಂವೇದಕಗಳಿವೆ. ಒಳಗೆ ಸ್ಪ್ರಿಂಗಿಗೆ ತೂಗುಬಿಟ್ಟ ಸಣ್ಣ ತೂಕ, ಬಾಚಣಿಗೆಯ ಹಲ್ಲಿನಂಥ ಎಲೆಕ್ಟ್ರೋಡುಗಳು. ನೆಲ ಅಲುಗಿದರೆ ಹಲ್ಲುಗಳ ನಡುವಿನ ಅಂತರ ಬದಲಾಗಿ ಧಾರಕತೆ, ಅಂದರೆ ವಿದ್ಯುದಾವೇಶ ಹಿಡಿದಿಡುವ ಅಳವು, ಬದಲಾಗುತ್ತದೆ. ಅದೇ ವೋಲ್ಟೇಜ್ ಆಗಿ ಹೊರಬರುತ್ತದೆ. ಆಗಸ್ಟ್ 25ರಂದು ಪ್ರಜ್ಞಾನ್ ಉರುಳಿದ್ದೂ, 26ರಂದು ಸಹಜ ಎನಿಸುವ ಇನ್ನೊಂದು ಅಲುಗಾಟವೂ ದಾಖಲಾದವು. ಸಂವೇದಕಕ್ಕೆ ಎರಡೂ ಒಂದೇ, ಬೇರೆ ಮಾಡಿದ್ದು ಮನುಷ್ಯರು. ಇಲ್ಸಾವನ್ನು ಲ್ಯಾಂಡರ್ ಮೇಲೆ ಬಿಡದೆ ನೆಲಕ್ಕಿಳಿಸಿದರು. ಮೇಲೆಯೇ ಬಿಟ್ಟರೆ ಏನಾಗಬಹುದು ಎಂಬುದಕ್ಕೆ ಹಳೆಯ ಉದಾಹರಣೆಯಿದೆ: 1976ರಲ್ಲಿ ಮಂಗಳಕ್ಕಿಳಿದ ವೈಕಿಂಗ್-2ರ ಕಂಪನಮಾಪಕ ಲ್ಯಾಂಡರ್ ಮೈಮೇಲೇ ಇದ್ದುದರಿಂದ ಹೆಚ್ಚಾಗಿ ಗಾಳಿಯನ್ನೇ ದಾಖಲಿಸಿತು.

ಚಿಕ್ಕಬಳ್ಳಾಪುರ ಜಿಲ್ಲೆಯವರು ಇದನ್ನು ತಿಳಿಯಲು ಚಂದ್ರನವರೆಗೆ ಹೋಗಬೇಕಿಲ್ಲ. ಗೌರಿಬಿದನೂರಿನ ಸುತ್ತ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಕಂಪನಮಾಪಕಗಳು 1960ರ ದಶಕದಿಂದ ಕಿಲೋಮೀಟರುಗಟ್ಟಲೆ ಹರಡಿ ಕೂತಿವೆ. ದೂರದೇಶದ ಭೂಗತ ಅಣುಸ್ಫೋಟದ ಅಲೆ ಒಂದೊಂದನ್ನು ಮುಟ್ಟುವ ಹೊತ್ತಿನಲ್ಲಿ ಅಷ್ಟಿಷ್ಟು ವ್ಯತ್ಯಾಸ. ಆ ವ್ಯತ್ಯಾಸದಿಂದ ದಿಕ್ಕು ಸಿಗುತ್ತದೆ. ಬಿಡಿಯಾಗಿ ಯಾವ ಮಾಪಕಕ್ಕೂ ಅದು ಸುಲಭವಲ್ಲ. ಅಲ್ಲಿ ಉಪಕರಣ ಅನ್ನಬೇಕಾದ್ದು ಇಡೀ ಹರವಿಗೆ. ಅದೇ ತಾಲ್ಲೂಕಿನ ರೇಡಿಯೊ ದೂರದರ್ಶಕವೂ ಹಾಗೆಯೇ: 34.5 ಮೆಗಾಹರ್ಟ್ಸ್‌ಗಾಗಿ ಟಿ ಆಕಾರದಲ್ಲಿ ನೆಟ್ಟ ಸಾವಿರ ಡೈಪೋಲ್ ಆಂಟೆನಾ. ‘ದೂರದರ್ಶಕ ಎಲ್ಲಿದೆ’ ಎಂದು ಕೇಳುವವರು ಅದರ ಮಧ್ಯದಲ್ಲೇ ನಿಂತಿರುತ್ತಾರೆ.

ಗೊಂದಲಕ್ಕೆ ಇಸ್ರೊದ ಪಾಲೂ ಇದೆ ಎಂದು ಒಪ್ಪಬೇಕು. ಮಂಗಳಯಾನದ ಒಂದು ಇಡೀ ಉಪಕರಣದ ಹೆಸರೇ ‘ಮೀಥೇನ್ ಸೆನ್ಸರ್’. ದೂರಸಂವೇದಿ ಉಪಗ್ರಹಗಳ ಲಿಸ್ ಕ್ಯಾಮೆರಾದ ಪೂರ್ತಿ ಹೆಸರಿನಲ್ಲೂ ಸೆನ್ಸರ್ ಬರುತ್ತದೆ. ಆ ವಲಯದಲ್ಲಿ ಅದು ನೆಲೆಯೂರಿದ ರೂಢಿ. ಹೆಸರು ಹೆಸರಾಗಿಯೇ ಇರಲಿ. ವಿವರಣೆಗೆ ಕೂತಾಗ ಬೇರೆ ಮಾಡಿ ಬರೆದರೆ ಸಾಕು. ಪೇಲೋಡ್‌ಗೆ ಕನ್ನಡ ಹುಡುಕಿ ಒದ್ದಾಡುವುದೂ ಬೇಡ. ನೌಕೆ ಯಾವುದಕ್ಕಾಗಿ ಹೊರಟಿತೋ ಆ ಸರಕು ಅದು. ಅದರಲ್ಲಿ ಉಪಕರಣವೂ ಇರಬಹುದು, ಬರೀ ಕನ್ನಡಿಯೂ ಇರಬಹುದು.

ಚಾರ್ಟ್ ತಿದ್ದುವ ಮೇಷ್ಟ್ರಿಗೆ: ಏಳು ಪೇಲೋಡ್, ಅವುಗಳಲ್ಲಿ ಆರು ಉಪಕರಣ, ಒಂದು ಪ್ರತಿಫಲಕ. ಸಂವೇದಕಗಳನ್ನೇ ಎಣಿಸುವ ಹಟವಿದ್ದರೆ ಚೇಸ್ಟ್, ಇಲ್ಸಾ ಎರಡರಲ್ಲೇ ಹದಿನಾರಾಯಿತು. ಮಿಕ್ಕ ನಾಲ್ಕು ಉಪಕರಣ ಇನ್ನೂ ಬಾಕಿ.