ಮೀಸಾ ಕಾಲದ ರೈಲು, ಚಿಕ್ಕಮಗಳೂರಿನ ವೋಟು

ನಮ್ಮ ಬೀದಿಯ ಹಿರಿಯರೊಬ್ಬರ ಹತ್ತಿರ ಎಮರ್ಜೆನ್ಸಿ ಮಾತು ತೆಗೆದರೆ ಸಾಕು, ‘ಆಗ ರೈಲು ಟೈಮಿಗೆ ಸರಿಯಾಗಿ ಬರ್ತಿತ್ತು ಕಣಯ್ಯ’ ಅನ್ನುತ್ತಾರೆ. ಚಿಕ್ಕಮಗಳೂರು ಪೇಟೆಗೆ ರೈಲು ಬಂದದ್ದೇ 2013ರಲ್ಲಿ! ಕಡೂರಿನ ರೈಲಿನ ಲೆಕ್ಕ ಇರಬೇಕು, ಬಿಡಿ. ಮತ್ತೆ ಆಗ ಜನರನ್ನು ಜೈಲಿಗೆ ಹಾಕಿದ ಮೀಸಾ ಕಾನೂನು? ‘ಅದು ಪಾರ್ಟಿಯವರಿಗೆ, ನಮಗೇನು?’

ವಿಚಾರಣೆ ಇಲ್ಲದೆ ಒಳಗೆ ಹಾಕುವ ಕಾನೂನು ಮೀಸಾದಿಂದ ಶುರುವಾದದ್ದಲ್ಲ. ಸಂವಿಧಾನ ಬಂದ ತಿಂಗಳಿಗೇ, 1950ರ ಫೆಬ್ರವರಿಯಲ್ಲಿ, ಮೊದಲನೆಯದು ಬಂತು. ಸುಮಾರು ಒಂದು ವರ್ಷಕ್ಕೆ ಅಂತ ತಂದದ್ದು 1969ರ ಕೊನೆವರೆಗೂ ಎಳೆಯಿತು. 1971ರಲ್ಲಿ ಮೀಸಾ. 1975ರ ಜೂನ್‌ನಲ್ಲಿ ಎಮರ್ಜೆನ್ಸಿ ಬಂದ ಮೇಲೆ ಅದಕ್ಕೆ ಕಡಿವಾಣವೇ ಇರಲಿಲ್ಲ. ಬಂಧನ ಸರಿಯೇ ಅಂತ ಕೋರ್ಟಿನಲ್ಲಿ ಕೇಳುವಂತೆಯೂ ಇಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಐವರು ನ್ಯಾಯಮೂರ್ತಿಗಳಲ್ಲಿ ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಹಾಸನದ ದೇವೇಗೌಡರು ಆಗ ಬೆಂಗಳೂರು ಜೈಲಿನಲ್ಲಿದ್ದರು. ವಾಜಪೇಯಿ, ಅಡ್ವಾಣಿಯವರನ್ನೂ ಅಲ್ಲಿಟ್ಟಿದ್ದರು.

1977ರ ಲೋಕಸಭೆ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಗುಡಿಸಿಹೋಯಿತು. ಕರ್ನಾಟಕದಲ್ಲಿ 28ರಲ್ಲಿ 26 ಸೀಟು ಗೆದ್ದಿತು. ಕೈತಪ್ಪಿದ ಎರಡರಲ್ಲಿ ಒಂದು ಹಾಸನ. ಮಾರನೇ ವರ್ಷ ಚಿಕ್ಕಮಗಳೂರಿನ ಸಂಸದ ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು. ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ನಿಂತು ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಜಾಸ್ತಿ ವೋಟಿನಿಂದ ಸೋಲಿಸಿದರು.

ಮೀಸಾ ಮೇಲಿನ ಪ್ರೀತಿಗೆ ಬಿದ್ದ ವೋಟು ಅದು ಅಂತ ನನಗೆ ಅನ್ನಿಸುವುದಿಲ್ಲ. ದೇವರಾಜ ಅರಸು ಸರ್ಕಾರ 1974ರಲ್ಲಿ ‘ಉಳುವವನೇ ಹೊಲದೊಡೆಯ’ ಅಂದಿತ್ತು. ಗೇಣಿದಾರನ ಕೈಗೆ ಜಮೀನು ಬರುವ ಹೊತ್ತಿನಲ್ಲಿ ಬೆಂಗಳೂರು ಜೈಲಿನಲ್ಲಿ ಯಾರಿದ್ದಾರೆ ಅಂತ ಅವನು ಯಾಕೆ ಕೇಳಬೇಕು?

ಜನತಾ ಸರ್ಕಾರ ಮೀಸಾ ತೆಗೆಯಿತು. 1980ರಲ್ಲಿ ಅದೇ ಜಾತಿಯ ಎನ್‌ಎಸ್‌ಎ (ರಾಷ್ಟ್ರೀಯ ಭದ್ರತಾ ಕಾಯ್ದೆ) ಬಂತು. ಆಮೇಲೆ ಭಯೋತ್ಪಾದನೆ ತಡೆಯೋಕೆ ಅಂತ ಟಾಡಾ, ಪೋಟಾ. 2008ರ ಮುಂಬೈ ದಾಳಿಯಾದ ತಿಂಗಳೊಳಗೆ ಯುಎಪಿಎಯನ್ನು (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಇನ್ನಷ್ಟು ಬಿಗಿ ಮಾಡುವ ಮಸೂದೆಗೆ ಸಂಸತ್ತು ಒಪ್ಪಿತು. ನಮ್ಮಲ್ಲಿ ಮಾತ್ರ ಹೀಗೆ ಅಂತಲ್ಲ. 2001ರ ದಾಳಿಯ ನಂತರ ಅಮೆರಿಕದ ಸೆನೆಟ್‌ನಲ್ಲಿ ಭಯೋತ್ಪಾದನೆ ವಿರುದ್ಧ ತಂದ ಪೇಟ್ರಿಯಾಟ್ ಕಾಯ್ದೆಗೆ ಬಿದ್ದ ವಿರೋಧದ ಮತ ಒಂದೇ ಒಂದು. ಪರವಾಗಿ 98.

ನಮ್ಮ ಹಿರಿಯರ ಹತ್ತಿರ ಇನ್ನೊಂದು ಕೇಳಿದೆ. 1978ರ ಡಿಸೆಂಬರ್‌ನಲ್ಲಿ ಲೋಕಸಭೆ ಹಕ್ಕುಚ್ಯುತಿ ಅಂತ ಇಂದಿರಾ ಅವರ ಸದಸ್ಯತ್ವ ಕಿತ್ತು ತಿಹಾರ್‌ಗೆ ಕಳಿಸಿತ್ತಲ್ಲ, ನೆನಪಿದೆಯಾ? ಲೋಟ ಕೆಳಗಿಟ್ಟರು.

‘ನಾವು ಗೆಲ್ಲಿಸಿದ ಹೆಂಗಸನ್ನ ಕೋರ್ಟಿಲ್ಲ ಕಚೇರಿ ಇಲ್ಲ, ಸುಮ್ನೆ ಎತ್ಕೊಂಡು ಹೋಗಿ ಜೈಲಿಗೆ ಹಾಕೋದಾ? ಅದ್ಯಾವ ನ್ಯಾಯ ಹೇಳು?’